ಮಾತಾಡದ ಮನುಷ್ಯನನ್ನು ಬರೆದವರು

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಗುಜರಿ ಅಂಗಡಿಯೊಂದರಲ್ಲಿ ಮೊಳೆ ತುಂಬಿಟ್ಟ ಹಳೆಯ ಬಣ್ಣದ ಡಬ್ಬಿಯೊಂದನ್ನು ಕಂಡೆ. ಅದರ ಮೇಲೆ ಕುಂಚ ಹಿಡಿದ ತುಂಟ ಹುಡುಗನೊಬ್ಬ. ಮುಂಗೂದಲು ಕಣ್ಣಿನ ಮೇಲೆ ಇಳಿಬಿದ್ದಿದೆ. 1954ರಲ್ಲಿ ಏಷ್ಯನ್ ಪೇಂಟ್ಸ್ ಸಂಸ್ಥೆಗಾಗಿ ಹುಟ್ಟಿದ 'ಗಟ್ಟು' ಅವನು. ಅವನನ್ನು ಬರೆದವರು ಮೈಸೂರಿನವರೆಂದರೆ ನನ್ನ ವಿದ್ಯಾರ್ಥಿಗಳು ನಂಬಲಿಲ್ಲ.

ಅವರೇ ಆರ್. ಕೆ. ಲಕ್ಷ್ಮಣ್. 1921ರ ಅಕ್ಟೋಬರ್ 24ರಂದು ಮೈಸೂರಿನಲ್ಲಿ ಜನನ. ತಂದೆ ಮುಖ್ಯೋಪಾಧ್ಯಾಯರು, ಅಣ್ಣ ಕಾದಂಬರಿಕಾರ ಆರ್. ಕೆ. ನಾರಾಯಣ್. ಶಾಲೆಯಲ್ಲಿ ಎಲೆಯೊಂದನ್ನು ಬರೆಯಲು ಹೇಳಿದಾಗ ಬಾಲಕನು ಅರಳಿ ಎಲೆಯನ್ನು ಬರೆದನು. ಉಪಾಧ್ಯಾಯರು ಮೆಚ್ಚಿ, ನೀನು ಚಿತ್ರಕಾರನಾಗುವೆ ಎಂದರಂತೆ. ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆಯವರು ಅದೇ ಕೈಯಲ್ಲಿ ಸಾಕಷ್ಟು ಪ್ರತಿಭೆಯಿಲ್ಲವೆಂದು ಪ್ರವೇಶ ನಿರಾಕರಿಸಿದರು. ಅವರು ಮಹಾರಾಜ ಕಾಲೇಜಿನಲ್ಲಿ ಪದವಿ ಪಡೆದರು; ಅಣ್ಣನ ಕಥೆಗಳಿಗೂ, ಡಾ. ಎಂ. ಶಿವರಾಂ ಅವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಗೂ ಚಿತ್ರ ಬರೆದರು. ನಮ್ಮ ಹಾಸ್ಯಪತ್ರಿಕೆಗೆ ಬರೆದ ಕೈ ಅದು ಎಂಬ ಹೆಮ್ಮೆ ಕನ್ನಡಿಗನಿಗೆ ಇರಬೇಡವೆ?

ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್' ಬಿಟ್ಟು 'ಟೈಮ್ಸ್ ಆಫ್ ಇಂಡಿಯಾ' ಸೇರಿದ ಮೇಲೆ 1951ರಲ್ಲಿ 'ಯೂ ಸೆಡ್ ಇಟ್' ಆರಂಭವಾಯಿತು. ಒಂದೇ ಚೌಕಟ್ಟಿನ ಪುಟ್ಟ ಚಿತ್ರ, ದಿನಕ್ಕೊಂದು. ಮೊದಮೊದಲು ಭಾರತವೆಂದು ಕಾಣಿಸಲು ಬಂಗಾಳಿ, ಪಂಜಾಬಿ, ತಮಿಳ ಎಂದು ಎಲ್ಲ ಸೀಮೆಯವರನ್ನೂ ತುಂಬುತ್ತಿದ್ದರು. ಸಂಜೆಯೊಳಗೆ ಚಿತ್ರ ಅಚ್ಚಿಗೆ ಹೋಗಬೇಕು. ಅಷ್ಟು ಜನರನ್ನು ಬರೆಯಲು ಹೊತ್ತೆಲ್ಲಿ? ಒಬ್ಬೊಬ್ಬರೇ ಉದುರುತ್ತ ಬಂದು, ಕೊನೆಗೆ ಉಳಿದವನು ಪಂಚೆ, ಚೌಕಳಿ ಕೋಟು, ಕನ್ನಡಕ ತೊಟ್ಟ ಬಕ್ಕತಲೆಯ ಮುದುಕ. ಅವನೇ 'ಶ್ರೀಸಾಮಾನ್ಯ'.

ಅವನು ಬಾಯಿ ಬಿಡುವುದಿಲ್ಲ. ಮಂತ್ರಿ ಭಾಷಣ ಮಾಡುವನು, ಅಧಿಕಾರಿ ವಿವರಣೆ ಕೊಡುವನು, ಮನೆಯಲ್ಲಿ ಹೆಂಡತಿಯೂ ಖಂಡಿತವಾಗಿ ಮಾತಾಡುವಳು. ಇವನು ನೋಡುತ್ತ ನಿಂತಿರುತ್ತಾನೆ. ಈಗ ವ್ಯಂಗ್ಯವೆಂದರೆ ಕೊಂಕುಮಾತು ಎಂದೇ ರೂಢಿ. ಅಲಂಕಾರಶಾಸ್ತ್ರದಲ್ಲಿ ಹಾಗಲ್ಲ: ಹೇಳಿದ್ದು ವಾಚ್ಯ, ಹೇಳದೆಯೇ ಹೊಳೆಯುವುದು ವ್ಯಂಗ್ಯ. ಮಂತ್ರಿಯ ಮಾತು ಚಿತ್ರದ ಕೆಳಗೆ ಅಚ್ಚಾಗಿರುತ್ತದೆ, ಅದು ವಾಚ್ಯ. ಆ ಮಾತಿನ ಬೆಲೆ ಮುದುಕನ ಮುಖದಲ್ಲಿದೆ. ಅವನೂ ಬಾಯಿಬಿಟ್ಟು ಬೈದಿದ್ದರೆ ಓದುಗನಿಗೆ ಉಳಿಯುವ ಕೆಲಸವೇನು? ಮಂತ್ರಿಮಂಡಲಗಳು ಎಷ್ಟೋ ಬಂದು ಹೋದವು, ಮುದುಕ ಅರ್ಧ ಶತಮಾನ ಹಾಗೆಯೇ ನಿಂತನು.

1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. 1988ರಲ್ಲಿ ಪತ್ರಿಕೆಯ 150ನೆಯ ವರ್ಷದ ಅಂಚೆಚೀಟಿಯ ಮೇಲೆ ಶ್ರೀಸಾಮಾನ್ಯನೇ ಕುಳಿತನು. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೋಡಿದವರಿಗೆ ಆರಂಭದ ರೇಖಾಚಿತ್ರಗಳು ನೆನಪಿರಬಹುದು; ಅವೂ ಇವರವೇ. 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು.

ರಾಜಕಾರಣಿಗಳಿಂದ ಬಿಡುವಾದಾಗ ಲಕ್ಷ್ಮಣ್ ಬರೆಯುತ್ತಿದ್ದುದು ಕಾಗೆಗಳನ್ನು. ಮೈಸೂರಿನ ಮನೆಯ ಕಿಟಕಿಯಾಚೆ, ಎದುರು ಮನೆಗಳ ಮಾಡಿನ ಮೇಲೆ ನಾನಾ ಭಂಗಿಯಲ್ಲಿ ಕೂತಿರುತ್ತಿದ್ದ ಕಾಗೆಗಳನ್ನು ಅವರು ಬಾಲ್ಯದಲ್ಲೇ ಕಂಡು ಬರೆದಿದ್ದರು.