ಹಳೆಯ ಮೋಟಾರಿನ ಯೋಗಕ್ಷೇಮ

ಮನೆಗೆ ಬರುವ ನೆಂಟರು ಅಂಗಳದ ಮಾಡಿನ ಕೆಳಗೆ ನಿಂತಿರುವ ನಮ್ಮ ಮೋಟಾರುಗಾಡಿಯನ್ನು ಕಂಡೊಡನೆ ಎರಡು ಪ್ರಶ್ನೆಗಳನ್ನು ಕೇಳುವುದು ವಾಡಿಕೆ. ಇದು ಇನ್ನೂ ಓಡುತ್ತದೆಯೆ ಎಂಬುದು ಮೊದಲನೆಯದು. ಇದನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಸುಲಭ. ಬೀಗದ ಕೈಯನ್ನು ತಿರುಗಿಸಿ ತೋರಿಸಿದರೆ ತೀರಿತು. ಎರಡನೆಯದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಕೊಡುವುದು ಕಷ್ಟ. 31 ವರ್ಷಗಳ ಸಹವಾಸವನ್ನು ಒಂದು ಲೋಟ ಕಾಫಿ ಆರುವುದರೊಳಗೆ ವಿವರಿಸಲಾದೀತೆ? ಆದಕಾರಣ ಆ ಉತ್ತರವನ್ನು ಸಾವಧಾನವಾಗಿ ಬರೆದು ವಾಚಕರ ಮುಂದಿಡುತ್ತಿದ್ದೇವೆ.

ಯೋಗಕ್ಷೇಮವೆಂಬ ಮಾತನ್ನು ನಾವು ಕಾಗದ ಬರೆಯುವಾಗಲೆಲ್ಲ ಬಳಸುತ್ತೇವೆ. ಅದರ ಎರಡು ಭಾಗಗಳನ್ನು ಬಿಡಿಸಿ ನೋಡುವವರು ವಿರಳ. ಇಲ್ಲದುದನ್ನು ಸಂಪಾದಿಸುವುದು ಯೋಗ. ಸಂಪಾದಿಸಿದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಇಂದಿನ ಮನೆಗಳಲ್ಲಿ ಯೋಗಕ್ಕೇನೂ ಕೊರತೆಯಿಲ್ಲ. ದಿನ ಬೆಳಗಾದರೆ ಹೊಸ ವಸ್ತುವೊಂದು ಬಾಗಿಲಿಗೆ ಬಂದಿರುತ್ತದೆ. ಸೊರಗಿರುವುದು ಕ್ಷೇಮದ ಭಾಗ. ಕೊಳ್ಳುವ ಸುಖವು ಕೆಲವು ದಿನಗಳದು, ಕಾಪಾಡುವ ಸುಖವು ಬಹುಕಾಲದ್ದು ಎಂಬ ಪಾಠವನ್ನು ನಾವು ಕಲಿತದ್ದು ಯಾವ ಗ್ರಂಥದಿಂದಲೂ ಅಲ್ಲ. ಈ ಹಳೆಯ ಗಾಡಿಯಿಂದ.

ಗಾಡಿಯ ಹೆಸರು ಪ್ರೀಮಿಯರ್ ಪದ್ಮಿನಿ. ತಯಾರಾದ ವರ್ಷ 1984. ಪದ್ಮಿನಿಯೆಂದರೆ ತಾವರೆಗಳಿಂದ ತುಂಬಿದ ಕೊಳ. ಹೆಸರು ನಮ್ಮದಾದರೂ ವಂಶ ಇಟಲಿಯದು. ಆ ದೇಶದ ಫಿಯಟ್ ಕಂಪೆನಿಯ 1100 ಎಂಬ ಗಾಡಿಯನ್ನು ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ 1950ರ ದಶಕದಿಂದ ಜೋಡಿಸತೊಡಗಿದರು. 1964ರಲ್ಲಿ ಅದರ ‘ಡಿಲೈಟ್’ ಎಂಬ ಮಾದರಿ ಬಂದಿತು. ಅದೇ 1970ರ ದಶಕದಲ್ಲಿ ಪದ್ಮಿನಿಯಾಯಿತು. ಆ ಕಾರ್ಖಾನೆಯ ಮೂಲಪುರುಷರು ವಾಲ್‌ಚಂದ್ ಹೀರಾಚಂದ್. ಕಂಪೆನಿ ಸ್ಥಾಪನೆಯಾದುದು 1944ರಲ್ಲಿ. ಇದರ ಹಿಂದೆ ನಮ್ಮ ನಾಡಿನ ಕಥೆಯೂ ಒಂದುಂಟು. ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂದು ಹಟ ಹಿಡಿದು, 1930ರ ದಶಕದಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದು ಯೋಜನೆಯನ್ನು ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ವಾಲ್‌ಚಂದರು ಅವರೊಡನೆ ಕೈಗೂಡಿಸಿದರು. ಮೈಸೂರು ಸಂಸ್ಥಾನವೂ ನೆರವಾಗಲು ಮುಂದೆ ಬಂದಿತ್ತು. ಆದರೆ ಆಂಗ್ಲ ಸರಕಾರವು ಒಪ್ಪಿಗೆ ನೀಡಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಬಹುದಾಗಿದ್ದ ಮೋಟಾರು ಕೊನೆಗೆ ಮುಂಬಯಿಯಲ್ಲಿ ಹುಟ್ಟಿತು.

ನಾವು ಈ ಗಾಡಿಯನ್ನು ಕೊಂಡುದು 1994ರಲ್ಲಿ. ಆಗ ತೀರ್ಥಹಳ್ಳಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸುತ್ತಿದ್ದೆವು. ವೃತ್ತಿಯಿಂದ ನಿವೃತ್ತರಾದ ವೈದ್ಯರೊಬ್ಬರು ತಮ್ಮ 10 ವರ್ಷದ ಪದ್ಮಿನಿಯನ್ನು ಮಾರುವವರಿದ್ದರು. ಭವಿಷ್ಯನಿಧಿಯಿಂದ ಸಾಲ ತೆಗೆದು 42,000 ರೂಪಾಯಿಗಳನ್ನು ಎಣಿಸಿಕೊಟ್ಟು ತಂದೆವು. ಮೇಷ್ಟರಿಗೆ ಮೋಟಾರೇಕೆ ಎಂದು ಊರಿನವರು ನಕ್ಕರು. ನಮ್ಮ ತಂದೆಯವರು ನಗಲೂ ಇಲ್ಲ, ಹೊಗಳಲೂ ಇಲ್ಲ. ‘ಹಸು ತಂದವನು ಹುಲ್ಲಿನ ಚಿಂತೆಯನ್ನೂ ತಂದ ಹಾಗೆ’ ಎಂದಷ್ಟೇ ಹೇಳಿದರು.

ಆ ಹುಲ್ಲಿನ ಚಿಂತೆಯ ಸ್ವರೂಪವನ್ನು ಹೇಳಬೇಕು. ಈ ಗಾಡಿಯ ಯಂತ್ರಕ್ಕೆ ನಾಲ್ಕು ಸಿಲಿಂಡರುಗಳು. ಗಾತ್ರ 1,089 ಘನ ಸೆಂಟಿಮೀಟರು. ಬಲ ಸುಮಾರು 40 ಕುದುರೆಗಳದು. ಗೇರಿನ ಹಿಡಿಕೆಯು ನೆಲದಲ್ಲಿಲ್ಲ. ಚುಕ್ಕಾಣಿಯ ಕಂಬದ ಪಕ್ಕದಲ್ಲಿದೆ. ಹೊಸ ಗಾಡಿಗಳಲ್ಲಿ ಗಣಕಯಂತ್ರವು ಮರೆಯಲ್ಲಿ ಕುಳಿತು ಮಾಡುವ ಕೆಲಸಗಳನ್ನು ಇಲ್ಲಿ ಯಜಮಾನನೇ ಕಿವಿಯಿಂದಲೂ ಕೈಯಿಂದಲೂ ಮಾಡತಕ್ಕದ್ದು. ಚಳಿಯ ಮುಂಜಾನೆ ಚೋಕಿನ ಗುಬ್ಬಿಯನ್ನು ಎಳೆದರೆ ಒಳಗೆ ಹೋಗುವ ಗಾಳಿ ಕಡಿಮೆಯಾಗಿ, ಪೆಟ್ರೋಲಿನ ಅಂಶ ಹೆಚ್ಚಿ, ಯಂತ್ರವು ಕಣ್ದೆರೆಯುತ್ತದೆ. ಎಚ್ಚೆತ್ತ ಬಳಿಕ ಆ ಗುಬ್ಬಿಯನ್ನು ಮೆಲ್ಲಮೆಲ್ಲನೆ ಒಳಕ್ಕೆ ಬಿಡಬೇಕು; ಬೇಗ ಬಿಟ್ಟರೆ ಯಂತ್ರ ನಿಲ್ಲುತ್ತದೆ, ಮರೆತರೆ ಕರಿಯ ಹೊಗೆ ಕಾರುತ್ತದೆ. ಮಲಗಿದ ಮಗುವನ್ನು ಶಾಲೆಗೆ ಎಬ್ಬಿಸುವುದಕ್ಕೂ ಇದಕ್ಕೂ ಹೆಚ್ಚು ಭೇದವಿಲ್ಲ. ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ಅರ್ಧ ಮಿಲಿಮೀಟರಿಗೂ ಕಡಿಮೆಯಾದ ಅಂತರವಿರಬೇಕು. ಅದು ಹೆಚ್ಚಿದರೂ ಕಷ್ಟ, ತಗ್ಗಿದರೂ ಕಷ್ಟ. ವ್ಯಾಕರಣದಲ್ಲಿ ಒಂದು ಮಾತ್ರೆಯ ಲೋಪವಾದರೆ ಪಂಡಿತರು ಹೇಗೆ ಮುಖ ಸಿಂಡರಿಸುವರೋ ಹಾಗೆ ಈ ಯಂತ್ರವೂ ಅಂತರ ತಪ್ಪಿದೊಡನೆ ಕೆಮ್ಮುತ್ತದೆ.

ಇಂತಹ ಕೆಮ್ಮನ್ನು ಮೊದಲು ಗುರುತಿಸುತ್ತಿದ್ದವರು ನಾವಲ್ಲ, ನಮ್ಮ ಮನೆಯವರು. ಒಗ್ಗರಣೆಯ ಸದ್ದಿನಿಂದಲೇ ಎಣ್ಣೆಯ ಕಾವನ್ನು ತಿಳಿಯುವ ಕಿವಿ ಅದು. ‘ಎಡಗಡೆಯ ಮುಂದಿನ ಚಕ್ರ ಏನೋ ಹೇಳುತ್ತಿದೆ’ ಎಂದು ಅವರೆಂದರೆ, ಬಿಚ್ಚಿ ನೋಡಿದಾಗ ಬೇರಿಂಗು ಸವೆದಿರುತ್ತಿತ್ತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. 1888ರಲ್ಲಿ ಜರ್ಮನಿಯಲ್ಲಿ ಮೋಟಾರಿನ ಮೊದಲ ದೂರಪ್ರಯಾಣವನ್ನು ಮಾಡಿದವರು ಕಾರ್ಲ್ ಬೆಂಜರಲ್ಲ. ಅವರ ಪತ್ನಿ ಬರ್ಥಾ. ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು ಮಾನ್‌ಹೈಮಿನಿಂದ ತಮ್ಮ ತವರಿದ್ದ ಫೋರ್ಟ್ಸ್‌ಹೈಮಿಗೆ 100 ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಆಕೆ ಕ್ರಮಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಬಿಡಿಸಿದಳಂತೆ. ಇಂಧನ ತೀರಿದಾಗ ಔಷಧದಂಗಡಿಯಲ್ಲಿ ಕೊಂಡಳಂತೆ. ಮೋಟಾರಿನ ಕ್ಷೇಮವು ಮೊದಲಿನಿಂದಲೂ ಗೃಹಿಣಿಯ ಕೈಯಲ್ಲಿದ್ದುದೇ ಸರಿ.

ನಮ್ಮ ದೊಡ್ಡ ಪಾಠವು ಒಂದು ಅಪರಾಧದಿಂದ ಬಂದಿತು. ಅದನ್ನು ಮುಚ್ಚಿಡದೆ ಹೇಳುತ್ತೇವೆ. 1999ರಲ್ಲಿ ತಂದೆಯವರ ಕಣ್ಣಿನ ಪೊರೆ ತೆಗೆಸಲು ಉಡುಪಿಯ ಕಡೆಗೆ ಕರೆದೊಯ್ದಿದ್ದೆವು. ಹಿಂದಿರುಗುವ ದಿನ ಗಾಡಿಯ ಕೆಳಗೆ ನೆಲವು ತೇವವಾಗಿದ್ದುದನ್ನು ಕಂಡೆವು. ಯಾರೋ ಅಂಗಳ ತೊಳೆದ ನೀರೆಂದು ಬಗೆದು, ರೇಡಿಯೇಟರಿನ ಮುಚ್ಚಳ ತೆಗೆದು ನೋಡುವ ಎರಡು ನಿಮಿಷದ ಕೆಲಸವನ್ನು ಬಿಟ್ಟು ಹೊರಟೆವು. ಸೋರುತ್ತಿದ್ದುದು ನಮ್ಮ ಗಾಡಿಯದೇ ರಬ್ಬರು ಕೊಳವೆ. ಸೋಮೇಶ್ವರ ದಾಟಿ ಆಗುಂಬೆಯ ಘಟ್ಟವನ್ನು ಅರ್ಧ ಏರುವಷ್ಟರಲ್ಲಿ ಮುಂಭಾಗದಿಂದ ಹಬೆ ಎದ್ದಿತು, ಯಂತ್ರ ನಿಂತಿತು. ನೀರಿಲ್ಲದೆ ಕಾದ ಯಂತ್ರದ ಗ್ಯಾಸ್ಕೆಟು ಸುಟ್ಟುಹೋಗಿತ್ತು. 70 ದಾಟಿದ ವೃದ್ಧರು, ಒಂದು ಕಣ್ಣಿಗೆ ಕಟ್ಟು, ತಿರುವಿನ ಕಟ್ಟೆಯ ಮೇಲೆ ನಾಲ್ಕು ಗಂಟೆಗಳ ಕಾಲ ಕುಳಿತಿದ್ದರು. ಸಂಜೆಯ ಗಾಳಿ ತಣ್ಣಗಾಗುತ್ತ ಬಂದಿತು. ನಮ್ಮ ಪಂಚೆಯನ್ನು ಅವರಿಗೆ ಹೊದಿಸಿ ಮುಖ ನೋಡಲಾರದೆ ನಿಂತಿದ್ದೆವು. ಕೊನೆಗೆ ಲಾರಿಯವರೊಬ್ಬರು ಕರುಣೆಯಿಂದ ಹಗ್ಗ ಕಟ್ಟಿ ಆಗುಂಬೆಯವರೆಗೆ ಎಳೆದು ತಂದರು.

ತಂದೆಯವರು ಬೈಯಲಿಲ್ಲ. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದರು: ‘ಓದಿಕೊಳ್ಳದೆ ತರಗತಿಗೆ ಹೋಗುವ ಮೇಷ್ಟರೂ ನೀರು ನೋಡದೆ ಹೊರಡುವ ಸಾರಥಿಯೂ ಒಂದೇ.’ ಮರುದಿನವೇ ಒಂದು ದಪ್ಪ ನೋಟುಪುಸ್ತಕವನ್ನು ತಂದು ಗಾಡಿಯ ದಿನಚರಿಯನ್ನು ಆರಂಭಿಸಿದೆವು. ತಾರೀಖು, ನೀರು, ಎಣ್ಣೆ, ಚಕ್ರದ ಗಾಳಿ, ಬದಲಿಸಿದ ಭಾಗ, ತೆತ್ತ ಹಣ, ಮಿಸ್ತ್ರಿಯವರು ಹೇಳಿದ ಮಾತು, ಎಲ್ಲವೂ ಅದರಲ್ಲಿ ದಾಖಲಾಗುತ್ತ ಬಂದುವು. ಈಗ ಅದು ನಾಲ್ಕನೆಯ ಸಂಪುಟದಲ್ಲಿದೆ.

ಇಷ್ಟೆಲ್ಲ ಕಷ್ಟವಾದರೆ ಸುಖವೆಲ್ಲಿ ಎಂದು ವಾಚಕರು ಕೇಳಬಹುದು. ಸುಖವಿರುವುದು ಆ ಸಲಿಗೆಯಲ್ಲಿಯೇ. ತೀರ್ಥಹಳ್ಳಿಯಿಂದ ಶಿವಮೊಗ್ಗೆಗೆ ಸುಮಾರು 60 ಕಿಲೋಮೀಟರು. ತುಂಗೆಯ ಜೊತೆಜೊತೆಗೆ ಸಾಗುವ ದಾರಿ. ಗಂಟೆಗೆ 50 ಕಿಲೋಮೀಟರಿನ ವೇಗದಲ್ಲಿ, ಕಿಟಕಿಯ ಗಾಜನ್ನು ಕೈಯಿಂದ ಇಳಿಸಿಕೊಂಡು ಹೋಗುವಾಗ ಒದ್ದೆ ಮಣ್ಣಿನ ವಾಸನೆಯೂ ಅಡಕೆ ಬೇಯಿಸುವ ಹೊಗೆಯೂ ಒಳಕ್ಕೆ ಬರುತ್ತವೆ. ಮಳೆಗಾಲದಲ್ಲಿ ಮಂಡಗದ್ದೆಯ ಬಳಿ ನಿಲ್ಲಿಸಿ, ಹೊಳೆಯ ನಡುಗಡ್ಡೆಯ ಮರಗಳಲ್ಲಿ ಗೂಡುಕಟ್ಟಿದ ಬೆಳ್ಳಕ್ಕಿಗಳನ್ನು ನೋಡದೆ ನಾವು ಮುಂದಕ್ಕೆ ಹೋದುದಿಲ್ಲ. 1996ರ ಆಷಾಢದ ಒಂದು ರಾತ್ರಿ, ಜಡಿಮಳೆಯಲ್ಲಿ, ನಮ್ಮ ಮನೆಯವರನ್ನು ಹೆರಿಗೆಗೆ ಕರೆದೊಯ್ದುದೂ ಇದೇ ದಾರಿಯಲ್ಲಿ, ಇದೇ ಗಾಡಿಯಲ್ಲಿ. ನಾಲ್ಕನೆಯ ದಿನ ಮಗಳು ಇದರ ಹಿಂದಿನ ಪೀಠದಲ್ಲಿ ಮಲಗಿಕೊಂಡೇ ಮನೆಗೆ ಬಂದಳು. ಬೇರೆ ಗಾಡಿಯನ್ನು ಕೊಂಡರೆ ವೇಗ ದೊರೆತೀತು. ಆ ರಾತ್ರಿ ದೊರೆಯುವುದಿಲ್ಲ.

ಹಾಗೆಂದು ಹಳೆಯದೆಲ್ಲವೂ ಶ್ರೇಷ್ಠವೆಂದು ನಾವು ಸಾಧಿಸಹೊರಟಿಲ್ಲ. ಬೆಂಗಳೂರಿನಲ್ಲಿರುವ ನಮ್ಮ ಮಗನು ಪ್ರತಿ ಯುಗಾದಿಗೂ ಇದನ್ನು ಮಾರಿಬಿಡಿರೆಂದು ಹೇಳುತ್ತಾನೆ. ಅವನ ಮಾತಿನಲ್ಲಿ ಸತ್ಯಾಂಶವಿದೆ. ಅಪಘಾತದಲ್ಲಿ ಪ್ರಾಣ ಉಳಿಸುವ ಗಾಳಿಚೀಲ ಇದರಲ್ಲಿಲ್ಲ. ಹೊಗೆಯನ್ನು ಶುದ್ಧಿಮಾಡುವ ಉಪಕರಣವೂ ಇಲ್ಲ. ಆದಕಾರಣ ನಾವು ಹೆದ್ದಾರಿಯ ಓಟಕ್ಕೆ ಇದನ್ನು ಒಯ್ಯುವುದಿಲ್ಲ, ರಾತ್ರಿಯಲ್ಲಿ ನಡೆಸುವುದಿಲ್ಲ, ಆರು ತಿಂಗಳಿಗೊಮ್ಮೆ ಹೊಗೆಯನ್ನು ಪರೀಕ್ಷೆ ಮಾಡಿಸುತ್ತೇವೆ. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲು ಬೆರೆತು ಬರತೊಡಗಿತು. ಅದು ಹಳೆಯ ರಬ್ಬರನ್ನು ಕೆಡಿಸುವುದಾದ್ದರಿಂದ ಇಂಧನದ ಕೊಳವೆಗಳನ್ನೆಲ್ಲ ಬದಲಿಸಿದೆವು. ಬಿಡಿಭಾಗಗಳಿಗಾಗಿ ಊರೂರು ತಿರುಗಬೇಕು. ಏಕೆಂದರೆ ಈ ಶತಮಾನವು ಹುಟ್ಟುವ ಹೊತ್ತಿಗೆ ಪದ್ಮಿನಿಯ ತಯಾರಿಕೆಯೇ ನಿಂತಿತು. ಮುಂಬಯಿಯಲ್ಲಿ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ಬೀದಿಯಿಂದ ಮರೆಯಾದುವು.

ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಅದರ ದೇಹಸ್ಥಿತಿಯನ್ನು ಪರೀಕ್ಷೆಗೊಪ್ಪಿಸಿ ನೋಂದಣಿಯನ್ನು ನವೀಕರಿಸಬೇಕು. 2022ರಲ್ಲಿ ಅದರ ಶುಲ್ಕವು 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ನಮ್ಮ ಸರದಿ 2024ರಲ್ಲಿ ಬಂದಿತು. ಶುಲ್ಕ ತೆತ್ತು ಶಿವಮೊಗ್ಗೆಗೆ ಒಯ್ದೆವು. ದೀಪ ಸರಿ, ಹೊಗೆ ಸರಿ. ಕೈಬ್ರೇಕು ಮಾತ್ರ ಗಾಡಿಯನ್ನು ಹಿಡಿದು ನಿಲ್ಲಿಸಲಿಲ್ಲ. ಸರಿಪಡಿಸಿಕೊಂಡು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. 27 ವರ್ಷಗಳ ಕಾಲ ಇದರ ನಾಡಿ ಹಿಡಿದು ನೋಡಿದ ನಮ್ಮ ಮಿಸ್ತ್ರಿಯವರು 2021ರಲ್ಲಿಯೇ ತೀರಿಕೊಂಡಿದ್ದರು. ಬೇರೆ ಗ್ಯಾರೇಜಿನವರು ಇದರ ಮೂತಿ ಕಂಡೊಡನೆ ಕೈಮುಗಿಯುತ್ತಿದ್ದರು. ಗುಜರಿಯವನು ಬಾಗಿಲಿಗೇ ಬಂದು ಬೆಲೆ ಕಟ್ಟಿದನು. ಅಂದು ರಾತ್ರಿ, ಕೊಟ್ಟುಬಿಡೋಣವೆಂದು ನಾವು ನಿಶ್ಚಯಿಸಿಯೇ ಮಲಗಿದೆವು.

ಬೆಳಿಗ್ಗೆ ಎದ್ದು ನೋಡಿದರೆ ಮಗಳು ಜಗಲಿಯ ಮೇಲೆ ದಿನಚರಿಯ ಸಂಪುಟಗಳನ್ನು ಹರಡಿಕೊಂಡು ಕುಳಿತಿದ್ದಳು. 2003ರ ಒಂದು ಪುಟವನ್ನು ತೆರೆದು ತೋರಿಸಿದಳು. ಅಲ್ಲಿ ಮಿಸ್ತ್ರಿಯವರ ಮಾತನ್ನು ನಾವು ಬರೆದಿಟ್ಟಿದ್ದೆವು: ‘ಕೈಬ್ರೇಕು ಸಡಿಲಾದರೆ ಮೊದಲು ತಂತಿಯನ್ನು ಮುಟ್ಟಬಾರದು. ಹಿಂದಿನ ಚಕ್ರಗಳ ಡ್ರಮ್ಮಿನೊಳಗೆ ಬ್ರೇಕಿನ ಪಟ್ಟಿಗಳನ್ನು ಸರಿಪಡಿಸಬೇಕು. ತಂತಿಯನ್ನು ಬಿಗಿಯುವುದು ಆಮೇಲೆ. ಇಲ್ಲವಾದರೆ ಚಕ್ರ ಹಿಡಿದುಕೊಳ್ಳುತ್ತದೆ.’ ನಾವು ಆ ಪುಟವನ್ನು ಬರೆದುದನ್ನೇ ಮರೆತಿದ್ದೆವು. ತಂದೆಯೂ ಮಗಳೂ ಕೂಡಿ ಎರಡು ದಿನ ಕೈ ಕರಿ ಮಾಡಿಕೊಂಡೆವು. ಮನೆಯವರು ಪಕ್ಕದಲ್ಲಿ ನಿಂತು ಚಕ್ರ ಉಜ್ಜುವ ಸದ್ದಿಗೆ ಕಿವಿಗೊಟ್ಟು, ಇನ್ನು ಸಾಕು ಎಂದರು. ಮರುವಾರ ಪರೀಕ್ಷೆಯಲ್ಲಿ ಗಾಡಿ ತೇರ್ಗಡೆಯಾಯಿತು. ಶಿವಮೊಗ್ಗೆಯಿಂದ ಹಿಂದಕ್ಕೆ ನಡೆಸಿಕೊಂಡು ಬಂದವಳು ಮಗಳೇ.

2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ಪುರಾತನ ವಾಹನವೆಂಬ ವಿಶೇಷ ನೋಂದಣಿ ದೊರೆಯಬಹುದು. ನಮ್ಮದಕ್ಕೆ ಆ ಯೋಗ್ಯತೆ ಬರುವುದು 2034ರಲ್ಲಿ. ಆಗ ನಮಗೂ 70ರ ಸಮೀಪ. ಆದರೆ ಆ ನೋಂದಣಿ ಪಡೆದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸಂತೆಗೆ ಹೋಗದ ಗಾಡಿಯನ್ನು ಪೂಜೆಗಿಟ್ಟು ಮಾಡುವುದೇನು? ಆ ಗೌರವ ನಮಗೆ ಬೇಡ.

ಪ್ರತಿಯೊಬ್ಬರೂ ಹಳೆಯ ಮೋಟಾರನ್ನು ಸಾಕಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅಜ್ಜಿಯ ಹೊಲಿಗೆಯಂತ್ರವಾಗಲಿ, ಗೋಡೆಯ ಗಡಿಯಾರವಾಗಲಿ, ಒಂದು ವಸ್ತುವನ್ನಾದರೂ ಬಹುಕಾಲ ಕೈಯಾರೆ ಕಾಪಾಡಿ ನೋಡಬೇಕು. ಕಾಪಾಡಿದ ಬಗೆಯನ್ನು ಮಕ್ಕಳಿಗೆ ತಿಳಿಯುವಂತೆ ಬರೆದಿಡಬೇಕು. ಏಕೆಂದರೆ ವಸ್ತುವನ್ನು ದಾಟಿಸಿದರೆ ಸಾಲದು. ಅದರ ಕ್ಷೇಮವನ್ನೂ ದಾಟಿಸಬೇಕು.

ನಿನ್ನೆ ದಿನಚರಿಯನ್ನು ತೆರೆದಾಗ ನಮ್ಮ ಅಕ್ಷರದ ಕೆಳಗೆ ಬೇರೊಂದು ಅಕ್ಷರವಿತ್ತು. ‘ನೀರು ನೋಡಿದೆ. ಸರಿಯಾಗಿದೆ’ ಎಂದು ಮಗಳು ಬರೆದಿದ್ದಳು. ನೆಂಟರ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರವೂ ಅದೇ.