ಅಮ್ಮಂದಿರಿಗೆ ಪಾಠ, ಅಪ್ಪಂದಿರು ನಾಪತ್ತೆ!

ಬೆಳಿಗ್ಗೆ ಹನ್ನೊಂದರ ಹೊತ್ತು. ಅಂಗನವಾಡಿಯ ಚಾಪೆಯ ಮೇಲೆ ಹತ್ತು ಹನ್ನೆರಡು ಹೆಂಗಸರು. ಕೆಲವರ ಮಡಿಲಲ್ಲಿ ಕೂಸು, ಕೆಲವರು ತುಂಬು ಬಸುರಿಯರು. ಎದುರಿಗೆ ಟೀಚರಮ್ಮ, ಕೈಯಲ್ಲಿ ಬಣ್ಣದ ಚಿತ್ರಪಟ. ಬಾಗಿಲ ಬಳಿಯ ಚಪ್ಪಲಿ ರಾಶಿ ನೋಡಿ ಸ್ವಾಮಿ, ಗಂಡಸರದ್ದು ಒಂದು ಜೊತೆ ಸಿಕ್ಕರೆ ಹೇಳಿ!

ಮಗು ಸಾಕುವುದಕ್ಕೂ ಪಾಠವೇ ಎಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. "ನಮ್ಮಜ್ಜಿ ಯಾವ ಕ್ಲಾಸಿಗೆ ಹೋಗಿದ್ಲು? ಹತ್ತು ಹೆರಲಿಲ್ವಾ?" ಹೆತ್ತದ್ದು ನಿಜ. ಹತ್ತರಲ್ಲಿ ಎಷ್ಟು ಉಳಿದವು ಎಂಬ ಲೆಕ್ಕ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಈ ಪಾಠ ನಿನ್ನೆ ಮೊನ್ನೆಯದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಮಕ್ಕಳಿಗೆ ಊಟ, ಚುಚ್ಚುಮದ್ದು, ತೂಕ ನೋಡುವುದು ಇವುಗಳ ಜೊತೆಗೆ 15ರಿಂದ 45 ವರ್ಷದ ಹೆಂಗಸರಿಗೆ ಆಹಾರ, ಆರೋಗ್ಯದ ತಿಳಿವಳಿಕೆ ಕೊಡಬೇಕೆಂಬುದೂ ಯೋಜನೆಯಲ್ಲಿತ್ತು. ಹೆಂಗಸರಿಗೆ! ಅರ್ಧ ಶತಮಾನ ಕಳೆದರೂ ಬಹುಪಾಲು ಕಡೆ ಚಾಪೆಯ ಮೇಲೆ ಅಪ್ಪನಿಗೆ ಜಾಗವಾಗಿಲ್ಲ.

ಪಾಠ ಅಂದರೆ ದೊಡ್ಡ ಶಾಸ್ತ್ರವೇನಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬೇಡ, ರೋಗ ತಡೆಯುವ ಕಸುವು ಇರುವುದೇ ಅದರಲ್ಲಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಬೇಸಿಗೆಯಲ್ಲೂ ಬೇಡ. ವರ್ಷ ತುಂಬುವ ತನಕ ಜೇನು ನೆಕ್ಕಿಸಬೇಡ. ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ, ನುಣ್ಣಗೆ ಹಿಸುಕಿದ ಅನ್ನ ಬೇಳೆ, ಮೇಲೊಂದಿಷ್ಟು ತುಪ್ಪ. ಬರೀ ಬೇಳೆಯ ತಿಳಿನೀರು ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಬೇಕು. ಭೇದಿಯಾದರೆ ಹಾಲು ನಿಲ್ಲಿಸಬೇಡ, ಓಆರ್‌ಎಸ್ ಕುಡಿಸು. ಕೂಸಿನ ಮುಖ ನೋಡಿ ಮಾತಾಡು, ಆಡಿಸು.

ಎಲ್ಲಕ್ಕೂ ತಲೆಯಾಡಿಸಿದ ಸೊಸೆ ಮನೆಗೆ ಬರುತ್ತಾಳೆ. ಕಷ್ಟ ಶುರುವಾಗುವುದು ಇಲ್ಲಿ. ಅತ್ತೆಯ ಕೈಯಲ್ಲಿ ಸಕ್ಕರೆ ನೀರಿನ ಒಳಲೆ ಸಿದ್ಧ. "ಗಂಟಲು ಒಣಗ್ತದೆ ಕಣೇ, ನಾವೇನು ಮಕ್ಕಳ್ನ ಸಾಕಿಲ್ವಾ?" ಗಂಡನ ಮುಖ ನೋಡಿದರೆ ಆತ "ಅಮ್ಮ ಹೇಳ್ದಂಗೆ ಮಾಡು" ಎಂದು ಬಸ್ ಹಿಡಿಯುತ್ತಾನೆ. ಒಂದು ಗಂಟೆಯ ಪಾಠ ಒಂದೇ ನಿಮಿಷದಲ್ಲಿ ನೀರುಪಾಲು.

ಸಂಜೆ ಕೂಸು ಅತ್ತರೆ "ಹಾಲು ಸಾಲ್ದು" ಎಂದು ಪುಡಿಯ ಡಬ್ಬಿ, ಬಾಟಲಿ ತರುವವನೂ ಅಪ್ಪನೇ. ಡಾಕ್ಟರು ಬರೆದುಕೊಟ್ಟರೆ ಬೇರೆ ಮಾತು. ಇಲ್ಲದಿದ್ದರೆ, ಡಬ್ಬಿ ಬೇಗ ಖಾಲಿಯಾದೀತೆಂದು ನೀರು ಹೆಚ್ಚು ಬೆರೆಸುವುದು, ಬಾಟಲಿ ಸರಿಯಾಗಿ ಕುದಿಸದೆ ಇರುವುದು, ಭೇದಿ, ಆಸ್ಪತ್ರೆ. ಅಂಗಡಿಯವರಿಗೂ ಒಂದು ಮಾತು: 1992ರ ಕಾಯಿದೆ 2003ರಲ್ಲಿ ಇನ್ನೂ ಬಿಗಿಯಾಗಿದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಡಬ್ಬಿ ಆಹಾರ, ಹಾಲಿನ ಬಾಟಲಿಗೆ ಜಾಹೀರಾತು ಹಾಕುವಂತಿಲ್ಲ, ಉಡುಗೊರೆಯ ಆಸೆ ತೋರಿಸುವಂತಿಲ್ಲ. ಪುಡಿ ಡಬ್ಬಿಯ ಮೇಲೆ ಕೂಸಿನ ಚಿತ್ರವೂ ಇರಕೂಡದು. ಮಾರಬೇಡಿ ಎಂದಲ್ಲ, ಬಾಗಿಲಿಗೆ ಬೋರ್ಡು ತೂಗಿಸಿ ಕರೆಯಬೇಡಿ ಎಂದಷ್ಟೆ.

ಅಪ್ಪ ಬರಬಾರದೆಂದು ಯಾರೂ ತಡೆದಿಲ್ಲ. ಆದರೆ ಹನ್ನೊಂದಕ್ಕೆ ಅಂಗಡಿಯಲ್ಲಿ ಗಿರಾಕಿ, ಬಸ್ಸಿನಲ್ಲಿ ಕಂಡಕ್ಟರನ ಶಿಳ್ಳೆ! ಕೇಂದ್ರ ಸರ್ಕಾರಿ ನೌಕರನಾದರೆ ಮಗು ಹುಟ್ಟಿದಾಗ 15 ದಿನ ರಜೆ ಕೇಳಬಹುದು. ಕಿರಾಣಿ ಅಂಗಡಿಯವನಿಗೆ ರಜೆ ಕೊಡುವವರು ಯಾರು? ಸಂಜೆ ಸಭೆ ಇಡಲಿ ಎನ್ನುವುದು ಸುಲಭ. ಆ ಹೊತ್ತಿಗೆ ಟೀಚರಮ್ಮನೂ ಮನೆ ಸೇರಬೇಕು, ಆಕೆಗೆ ಸಿಗುವುದು ಸಂಬಳವೂ ಅಲ್ಲ, ಗೌರವಧನ.

ಅಲ್ಲಿಯವರೆಗೆ ರಾತ್ರಿ ಊಟವಾದ ಮೇಲೆ ಅಪ್ಪ ತಾಯಿ ಕಾರ್ಡನ್ನು (ಹೆಸರೂ ತಾಯಿಯದೇ!) ಒಮ್ಮೆ ಬಿಡಿಸಿ ನೋಡಬಹುದು. ಮಗುವಿನ ತೂಕದ ಗೆರೆ ಹಸಿರು ಪಟ್ಟಿಯಲ್ಲಿದೆಯೋ, ಕೆಳಗೆ ಜಾರಿದೆಯೋ, ಅದರಲ್ಲೇ ಕಾಣುತ್ತದೆ.