ಸ್ಕೂಟರ್ ನಿರಾಳವಾಗಿ ಎಷ್ಟು ವೇಗದಲ್ಲಿ ಓಡೀತು?

ಸ್ಕೂಟರ್ ಕೊಳ್ಳಲು ಶೋರೂಮಿಗೆ ಹೋದವರು ತಪ್ಪದೆ ಕೇಳುವ ಪ್ರಶ್ನೆಗಳು ಎರಡು: ಮೈಲೇಜ್ ಎಷ್ಟು, ಟಾಪ್ ಸ್ಪೀಡ್ ಎಷ್ಟು. ಎರಡಕ್ಕೂ ಉತ್ತರ ಸಿದ್ಧವಾಗಿರುತ್ತದೆ. ಮೂರನೆಯ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೆದ್ದಾರಿಯಲ್ಲಿ ಒಂದು ತಾಸು, ಎಂಜಿನ್ ಕಿರುಚದೆ, ಹ್ಯಾಂಡಲ್ ಹಿಡಿದ ಕೈ ಜೋಮು ಹತ್ತದೆ, ಈ ಗಾಡಿ ಯಾವ ವೇಗದಲ್ಲಿ ಸಾಗೀತು? ಅದನ್ನು ಈ ಅಧ್ಯಾಯದಲ್ಲಿ ‘ನಿರಾಳ ವೇಗ’ ಎಂದು ಕರೆಯೋಣ. ದಿನನಿತ್ಯದ ಬಳಕೆಗೆ ಬೇಕಾದ ಅಂಕಿ ಇದೇ. ಗರಿಷ್ಠ ವೇಗದಿಂದ ಇದನ್ನು ಲೆಕ್ಕ ಹಾಕಿ ತೆಗೆಯುವುದು ಕಷ್ಟವೇನಲ್ಲ.

ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವುದು 110 ಮತ್ತು 125 ಸಿ.ಸಿ. ಸ್ಕೂಟರುಗಳು. ಅವುಗಳ ಮೇಲಿನ ಮಧ್ಯಮ ಗಾತ್ರದ ಮೆಟ್ಟಿಲು 150–160 ಸಿ.ಸಿ.ಯದು. ಯುರೋಪ್, ಜಪಾನ್‌ಗಳಲ್ಲಿ ಮಧ್ಯಮ ಗಾತ್ರ ಎಂದರೆ 300 ಸಿ.ಸಿ. ಆಸುಪಾಸಿನ ಗಾಡಿಗಳೂ ಸೇರುತ್ತವೆ. ಗಾತ್ರ ಯಾವುದೇ ಇರಲಿ, ವೇಗಕ್ಕೆ ಮುಖ್ಯವಾಗಿ ಅಡ್ಡ ನಿಲ್ಲುವುದು ಒಂದೇ ಸಂಗತಿ: ಗಾಳಿ.

ಗಾಳಿ ಕೇಳುವ ಬೆಲೆ

ಸಪಾಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವ ಸ್ಕೂಟರಿನ ಎಂಜಿನ್ ಎರಡು ಕೆಲಸ ಮಾಡುತ್ತಿರುತ್ತದೆ. ಟೈರು ರಸ್ತೆಯ ಮೇಲೆ ಉರುಳುವಾಗಿನ ತಡೆಯನ್ನು ಮೀರಬೇಕು, ಎದುರಿನ ಗಾಳಿಯನ್ನು ಸರಿಸಬೇಕು. ಮೊದಲನೆಯ ಕೆಲಸಕ್ಕೆ ಬೇಕಾದ ಶಕ್ತಿ ವೇಗ ಹೆಚ್ಚಿದ ಪ್ರಮಾಣದಲ್ಲೇ ಹೆಚ್ಚುತ್ತದೆ. ಎರಡನೆಯದರ ಲೆಕ್ಕ ಬೇರೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ.

ಸ್ಕೂಟರ್ ಮೇಲೆ ನಾವು ಕುರ್ಚಿಯಲ್ಲಿ ಕೂತ ಹಾಗೆ ನೆಟ್ಟಗೆ ಕೂರುತ್ತೇವೆ. ಎದೆ, ಭುಜ, ಹೆಲ್ಮೆಟ್, ಮೊಣಕಾಲ ಮುಂದಿನ ಅಗಲವಾದ ಏಪ್ರನ್ ಎಲ್ಲವೂ ಗಾಳಿಗೆ ಎದುರಾಗುತ್ತವೆ. ಸ್ಕೂಟರ್ ಮತ್ತು ಸವಾರ ಸೇರಿ 185 ಕಿಲೋ ಎಂದಿಟ್ಟುಕೊಳ್ಳಿ. ಎಂಜಿನ್ನಿನ ಶಕ್ತಿಯಲ್ಲಿ ಐದನೆಯ ಒಂದು ಪಾಲು ಬೆಲ್ಟು, ಗೇರುಗಳಲ್ಲೇ ಕರಗುತ್ತದೆ ಎಂದೂ ಹಿಡಿಯಿರಿ. ಆಗ ಎಂಜಿನ್ ಕೊಡಬೇಕಾದ ಶಕ್ತಿ, ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ಲೆಕ್ಕದಲ್ಲಿ, ಸ್ಥೂಲವಾಗಿ ಹೀಗೆ ಬರುತ್ತದೆ:

ಗಂಟೆಗೆ 40 ಕಿ.ಮೀ. — ಸುಮಾರು 1.5 ಪಿಎಸ್
ಗಂಟೆಗೆ 60 ಕಿ.ಮೀ. — ಸುಮಾರು 3.5 ಪಿಎಸ್
ಗಂಟೆಗೆ 80 ಕಿ.ಮೀ. — ಸುಮಾರು 7.5 ಪಿಎಸ್
ಗಂಟೆಗೆ 100 ಕಿ.ಮೀ. — ಸುಮಾರು 13.5 ಪಿಎಸ್
ಗಂಟೆಗೆ 120 ಕಿ.ಮೀ. — ಸುಮಾರು 23 ಪಿಎಸ್

ಈ ಪಟ್ಟಿಯನ್ನು ನಿಜವಾದ ಗಾಡಿಗಳ ಪಕ್ಕದಲ್ಲಿಟ್ಟು ನೋಡಬಹುದು. ವಿಮಾನ ಎಂಜಿನಿಯರ್ ಕೊರಾದಿನೊ ದಾಸ್ಕಾನಿಯೊ ರೂಪಿಸಿದ ಮೊದಲ ವೆಸ್ಪಾ 1946ರಲ್ಲಿ ಇಟಲಿಯಲ್ಲಿ ಹೊರಬಂದಾಗ ಅದರ 98 ಸಿ.ಸಿ. ಎಂಜಿನ್ನಿನ ಶಕ್ತಿ 3.2 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ 60 ಕಿ.ಮೀ. ಇಂದಿನ 110 ಸಿ.ಸಿ. ಹೋಂಡಾ ಆಕ್ಟಿವಾದ ಶಕ್ತಿ 8 ಪಿಎಸ್‌ಗಿಂತ ತುಸು ಕಡಿಮೆ. ಅದು 80 ದಾಟಿ ಸ್ವಲ್ಪದರಲ್ಲೇ ಸುಸ್ತಾಗುತ್ತದೆ. 2025ರಲ್ಲಿ ಬಂದ ಟಿವಿಎಸ್ ಎನ್‌ಟಾರ್ಕ್ 150ರ ಶಕ್ತಿ ಸುಮಾರು 13 ಪಿಎಸ್, ಕಂಪನಿ ಹೇಳುವ ಗರಿಷ್ಠ ವೇಗ 104. ಸುಮಾರು 24 ಪಿಎಸ್‌ನ ವೆಸ್ಪಾ ಜಿಟಿಎಸ್ 300 ನಿಲ್ಲುವುದು 120ರ ಆಸುಪಾಸಿನಲ್ಲಿ. ಎಂಟು ದಶಕಗಳಲ್ಲಿ ಎಂಜಿನ್ ಎಷ್ಟೋ ಬದಲಾಗಿದೆ, ಗಾಳಿ ಕೇಳುವ ಬೆಲೆ ಮಾತ್ರ ಹಾಗೇ ಇದೆ.

ಐದರಲ್ಲಿ ನಾಲ್ಕು ಪಾಲು

ಪಟ್ಟಿಯಿಂದ ಇನ್ನೊಂದು ಅಂಶವೂ ಹೊರಡುತ್ತದೆ. 60ರಲ್ಲಿ ಹೋಗಲು ಬೇಕಾದ ಶಕ್ತಿ 80ಕ್ಕೆ ಬೇಕಾದುದರ ಅರ್ಧಕ್ಕಿಂತ ಕಡಿಮೆ. ಅಂದರೆ ಗರಿಷ್ಠ ವೇಗದಿಂದ ಸ್ವಲ್ಪವೇ ಕೆಳಗಿಳಿದರೂ ಎಂಜಿನ್ ಮೇಲಿನ ಹೊರೆ ಬಹಳವಾಗಿ ಇಳಿಯುತ್ತದೆ. ಲೆಕ್ಕ ಸುಲಭ: ಯಾವ ಸ್ಕೂಟರಿನಲ್ಲೇ ಆಗಲಿ, ನಿಜವಾದ ಗರಿಷ್ಠ ವೇಗದ ಐದರಲ್ಲಿ ನಾಲ್ಕು ಪಾಲಿನಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಸರಿಸುಮಾರು ಅರ್ಧವನ್ನಷ್ಟೇ ಬಳಸುತ್ತಿರುತ್ತದೆ. ಉಳಿದ ಅರ್ಧ ಏರಿಗೆ, ಎದುರುಗಾಳಿಗೆ, ಲಾರಿ ದಾಟಲು ಕೈಯಲ್ಲಿರುತ್ತದೆ. ನಿರಾಳ ವೇಗ ಎಂದರೆ ಇದೇ.

ಹಾಗೆ ನೋಡಿದರೆ 110 ಸಿ.ಸಿ. ಸ್ಕೂಟರಿನ ನಿರಾಳ ವೇಗ 60ರಿಂದ 65. ಸುಜುಕಿ ಆಕ್ಸೆಸ್, ಎನ್‌ಟಾರ್ಕ್ 125 ಮುಂತಾದ 125 ಸಿ.ಸಿ. ಗಾಡಿಗಳ ಶಕ್ತಿ 8ರಿಂದ 10 ಪಿಎಸ್. ನೆಟ್ಟಗೆ ಕೂತ ಸವಾರನನ್ನು ಹೊತ್ತು ಅವು 85–90ರವರೆಗೆ ಹೋಗುತ್ತವೆ, 65–70ರಲ್ಲಿ ನಿರಾಳವಾಗಿರುತ್ತವೆ. ದ್ರವ ತಂಪಿನ, 15 ಪಿಎಸ್‌ನ ಯಮಹಾ ಏರಾಕ್ಸ್ 155ರಂಥ ಗಾಡಿ 105ರ ಸುತ್ತ ಮುಟ್ಟುತ್ತದೆ, 80–85ರಲ್ಲಿ ಸಲೀಸಾಗಿ ಸಾಗುತ್ತದೆ. 300 ಸಿ.ಸಿ. ವೆಸ್ಪಾಗೆ ಈ ಅಂಕಿ 95. ಮೈ ಬಗ್ಗಿಸಿ ಹ್ಯಾಂಡಲಿಗೆ ಒರಗಿದರೆ ಇನ್ನೂ ಐದಾರು ಕಿ.ಮೀ. ಹೆಚ್ಚು ಕಾಣಬಹುದು. ಆದರೆ ಹಾಗೆ ಬಗ್ಗಿಕೊಂಡೇ ಹಾಸನದವರೆಗೆ ಹೋಗಲು ಯಾರಿಂದಲೂ ಆಗದು.

ಅರ್ಧ ಶಕ್ತಿಯ ನಿಯಮಕ್ಕೆ ಸ್ಕೂಟರಿನ ಹೊಟ್ಟೆಯೊಳಗೂ ಒಂದು ಕಾರಣವಿದೆ. ಗೇರಿಲ್ಲದ ಸ್ಕೂಟರಿನಲ್ಲಿ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವುದು ರಬ್ಬರ್ ಬೆಲ್ಟು. ವೇಗ ಏರಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರುಗಳು ಹೊರಕ್ಕೆ ಸರಿದು ಬೆಲ್ಟನ್ನು ಮೇಲಕ್ಕೆ ತಳ್ಳುತ್ತವೆ, ಗೇರ್ ಬದಲಾದಂತೆಯೇ ಅನುಪಾತ ಬದಲಾಗುತ್ತದೆ. ಬೆಲ್ಟು ಪುಲ್ಲಿಯ ಅಂಚು ಮುಟ್ಟಿದ ಮೇಲೆ ಅನುಪಾತಕ್ಕೆ ಬದಲಾಗಲು ಜಾಗವಿಲ್ಲ. ಅಲ್ಲಿಂದಾಚೆಗಿನ ಪ್ರತಿ ಕಿ.ಮೀ. ವೇಗಕ್ಕೂ ಎಂಜಿನ್ನಿನ ಸುತ್ತು ಏರಲೇಬೇಕು. ಶಬ್ದ, ನಡುಕ, ಬೆಲ್ಟಿನ ಬಿಸಿ ಒಟ್ಟಿಗೇ ಹೆಚ್ಚುತ್ತವೆ. ಆಕ್ಸಿಲರೇಟರನ್ನು ಪೂರ್ತಿ ತಿರುಚಿಟ್ಟು ದೂರ ಓಡಿಸುವವರ ಬೆಲ್ಟು ಬೇಗ ಸವೆಯುವುದು ಈ ಬಿಸಿಯಿಂದಲೇ.

ಮೀಟರ್ ತೋರಿಸುವ ಹೆಚ್ಚುವರಿ

‘ನನ್ನ ಗಾಡಿ ನೂರು ಮುಟ್ಟಿದೆ’ ಎನ್ನುವ 125ರ ಸವಾರ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಹೆಚ್ಚು ಹೇಳಿದ್ದು ಅವರ ಸ್ಪೀಡೋಮೀಟರ್. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸಲೇಬಾರದು. ಹೆಚ್ಚು ತೋರಿಸಿದರೆ ಒಂದು ಮಿತಿಯವರೆಗೆ ಅಡ್ಡಿಯಿಲ್ಲ. ದ್ವಿಚಕ್ರ ಮೋಟಾರು ವಾಹನಗಳಿಗೆ ಆ ಮಿತಿ ನಿಜ ವೇಗದ ಶೇ. 10, ಅದರ ಮೇಲೆ 8 ಕಿ.ಮೀ. ನಿಜಕ್ಕೂ 80ರಲ್ಲಿ ಹೋಗುವ ಗಾಡಿಯ ಮೀಟರ್ 96 ತೋರಿಸಿದರೂ ನಿಯಮ ಮುರಿದಂತಲ್ಲ. ಟೈರು ಸವೆಯುವುದು, ಗಾಳಿ ಇಳಿಯುವುದು, ಬೇರೆ ಅಳತೆಯ ಟೈರು ಹಾಕಿಸುವುದು ಇವೆಲ್ಲ ಅಂಕಿಯನ್ನು ಅಲುಗಿಸುತ್ತವೆ. ಹಾಗಾಗಿ ತಯಾರಕರು ತಪ್ಪು ಬಂದರೂ ಮೇಲ್ಮುಖವಾಗಿಯೇ ಬರುವಂತೆ ಮೀಟರನ್ನು ಹೊಂದಿಸುತ್ತಾರೆ. ನಿಜ ವೇಗ ತಿಳಿಯಲು ಮೊಬೈಲಿನ ಜಿಪಿಎಸ್ ಸಾಕು. ಅಂಕಿ ಓದುವ ಕೆಲಸ ಹಿಂದೆ ಕೂತವರದ್ದಾಗಲಿ.

ಇಬ್ಬರು, ಏರು, ಎದುರುಗಾಳಿ

ಸಪಾಟು ರಸ್ತೆಯಲ್ಲಿ ಹಿಂದೆ ಒಬ್ಬರು ಕೂತರೆ ಗರಿಷ್ಠ ವೇಗ ಹೆಚ್ಚೇನೂ ಇಳಿಯದು. ಅವರು ಮುಂದಿನವರ ಮರೆಯಲ್ಲಿರುವುದರಿಂದ ಗಾಳಿಯ ಹೊರೆ ಅಷ್ಟು ಹೆಚ್ಚುವುದಿಲ್ಲ. ತೂಕದ ಬಿಸಿ ತಟ್ಟುವುದು ಏರಿನಲ್ಲಿ. 100 ಮೀಟರಿಗೆ 5 ಮೀಟರ್ ಏರುವ ರಸ್ತೆಯಲ್ಲಿ ಇಬ್ಬರನ್ನು ಹೊತ್ತು 60ರಲ್ಲಿ ಹೋಗಲು ಸುಮಾರು 7.5 ಪಿಎಸ್ ಬೇಕು. 110 ಸಿ.ಸಿ. ಎಂಜಿನ್ನಿನ ಶಕ್ತಿಯೆಲ್ಲ ಅಲ್ಲಿಗೇ ಮುಗಿಯಿತು. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳ ಕಡಿದಾದ ತಿರುವುಗಳಲ್ಲಿ ವೇಗ 30–40ಕ್ಕೆ ಬೀಳುವುದು ಗಾಡಿಯ ದೋಷವಲ್ಲ, ಲೆಕ್ಕವೇ ಹಾಗಿದೆ. ಎದುರುಗಾಳಿಯೂ ಇದೇ ಬಗೆಯದು. ಗಂಟೆಗೆ 20 ಕಿ.ಮೀ. ಗಾಳಿ ಎದುರಿನಿಂದ ಬೀಸುತ್ತಿದ್ದರೆ 60ರಲ್ಲಿ ಹೋಗುವವರಿಗೆ 80ರ ತಡೆ ಎದುರಾಗುತ್ತದೆ.

ಎತ್ತರದ ಪರಿಣಾಮ ಮಾತ್ರ ಎಣಿಸಿದ್ದಕ್ಕಿಂತ ಬೇರೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಶೇ. 9ರಷ್ಟು ತೆಳು. ಎಂಜಿನ್ನಿಗೆ ಸಿಗುವ ಆಮ್ಲಜನಕ ಅಷ್ಟು ಕಡಿಮೆ, ಶಕ್ತಿಯೂ ಸುಮಾರು ಅಷ್ಟೇ ಕಡಿಮೆ. ಆದರೆ ಸರಿಸಬೇಕಾದ ಗಾಳಿಯೂ ಅಷ್ಟೇ ಹಗುರ. ಎರಡೂ ಒಂದಕ್ಕೊಂದು ಸರಿಹೋಗಿ ಎರಡೂ ಊರುಗಳಲ್ಲಿ ಗರಿಷ್ಠ ವೇಗ ಹೆಚ್ಚು ಕಡಿಮೆ ಒಂದೇ ಆಗುತ್ತದೆ. ವ್ಯತ್ಯಾಸ ತಿಳಿಯುವುದು ಸಿಗ್ನಲ್ಲಿನಿಂದ ಹೊರಡುವಾಗ, ಮೇಲ್ಸೇತುವೆ ಹತ್ತುವಾಗ.

ಬ್ಯಾಟರಿ ಗಾಡಿಯ ಲೆಕ್ಕ

ಎಲೆಕ್ಟ್ರಿಕ್ ಸ್ಕೂಟರಿನ ಗರಿಷ್ಠ ವೇಗವನ್ನು ಬಹುಮಟ್ಟಿಗೆ ಸಾಫ್ಟ್‌ವೇರ್ ನಿಗದಿ ಮಾಡುತ್ತದೆ. ಬೆಂಗಳೂರಿನ ಏಥರ್ ಕಂಪನಿಯ 450ಎಕ್ಸ್‌ಗೆ ಆ ಗೆರೆ 90, ಅದೇ ಕಂಪನಿಯ ಕುಟುಂಬದ ಗಾಡಿ ರಿಜ್ತಾಕ್ಕೆ 80. 450ಎಕ್ಸ್‌ನ 6.4 ಕಿಲೋವ್ಯಾಟ್, ಅಂದರೆ ಸುಮಾರು 8.7 ಪಿಎಸ್, ಮೋಟಾರಿನ ಉತ್ತುಂಗ ಶಕ್ತಿ. ಅದು ಸ್ವಲ್ಪ ಹೊತ್ತಿಗೆ ಮಾತ್ರ. ಬಿಸಿ ಏರಿದರೆ ಗಾಡಿ ತಾನಾಗಿ ಶಕ್ತಿ ತಗ್ಗಿಸಿಕೊಳ್ಳುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ವೇಗದ ಬೆಲೆ ಬಂಕಿನ ಬಿಲ್ಲಿನಲ್ಲಿ ಮರೆಯಾಗುತ್ತದೆ. ಬ್ಯಾಟರಿ ಗಾಡಿಯಲ್ಲಿ ಕಣ್ಣೆದುರೇ ಕಾಣುತ್ತದೆ. ನಮ್ಮ ಪಟ್ಟಿಯ ಲೆಕ್ಕದಲ್ಲೇ ಒಂದು ಕಿ.ಮೀ.ಗೆ 40ರ ವೇಗದಲ್ಲಿ ಸುಮಾರು 28 ವ್ಯಾಟ್‌ಅವರ್, 60ರಲ್ಲಿ 43, 80ರಲ್ಲಿ 69 ಖರ್ಚಾಗುತ್ತದೆ. 3.7 ಕಿಲೋವ್ಯಾಟ್‌ಅವರ್ ಬ್ಯಾಟರಿ 60ರಲ್ಲಿ 90 ಕಿ.ಮೀ. ಹತ್ತಿರ ಒಯ್ದರೆ, 80ರಲ್ಲಿ 60 ಕಿ.ಮೀ. ಮುಟ್ಟುವ ಮೊದಲೇ ಬರಿದಾಗುತ್ತದೆ. ಇಂಥ ಗಾಡಿಯ ನಿರಾಳ ವೇಗವನ್ನು ಮೋಟಾರಿಗಿಂತ ಮುಂದಿನ ಚಾರ್ಜಿಂಗ್ ಪಾಯಿಂಟಿನ ದೂರವೇ ನಿರ್ಧರಿಸುತ್ತದೆ.

ಚಕ್ರ, ಬ್ರೇಕು, ಕಾನೂನು

ಎಂಜಿನ್ ಒಪ್ಪಿದ ವೇಗವನ್ನು ಚಕ್ರವೂ ಒಪ್ಪಬೇಕು. ಬಹಳಷ್ಟು ಸ್ಕೂಟರುಗಳ ಚಕ್ರ 10 ಅಥವಾ 12 ಇಂಚಿನದು, ಏರಾಕ್ಸ್‌ನದು 14. ಚಿಕ್ಕ ಚಕ್ರ ಗುಂಡಿಯೊಳಗೆ ಆಳವಾಗಿ ಇಳಿಯುತ್ತದೆ, ಲಾರಿ ಪಕ್ಕದಲ್ಲಿ ಹಾದಾಗಿನ ಗಾಳಿಗೂ ಬೇಗ ಅಲುಗುತ್ತದೆ. ಬ್ರೇಕಿನ ಲೆಕ್ಕ ಇನ್ನೂ ಕಟು. ಒಣ ಟಾರು ರಸ್ತೆಯಲ್ಲಿ, ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದುಕೊಂಡರೆ, 60ರಿಂದ ನಿಲ್ಲಲು ಸುಮಾರು 45 ಮೀಟರ್, 80ರಿಂದ 70 ಮೀಟರ್, 100ರಿಂದ 100 ಮೀಟರಿಗೂ ಹೆಚ್ಚು ಬೇಕು. 2019ರ ಏಪ್ರಿಲಿನಿಂದ 125 ಸಿ.ಸಿ. ಮೀರಿದ ಹೊಸ ದ್ವಿಚಕ್ರಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ಸಿಬಿಎಸ್ ಸಾಕೆಂದಿತು ಸರ್ಕಾರ. ಹೆದ್ದಾರಿಯ ಓಡಾಟವೇ ಹೆಚ್ಚಾದರೆ, ಮೇಲಿನ ಮೆಟ್ಟಿಲಿಗೆ ಹೋಗಲು ಈ ಎಬಿಎಸ್ ಎಂಜಿನ್ನಿಗಿಂತ ಬಲವಾದ ಕಾರಣ.

ಯಾವ ವೇಗ ಬೇಕು ಎಂಬುದನ್ನು ಕೊನೆಗೆ ಹೇಳುವುದು ಆಯಾ ದೇಶದ ರಸ್ತೆ ನಿಯಮ. ಇಟಲಿಯ ಆಟೋಸ್ಟ್ರಾಡಾಗಳಲ್ಲಿ ಬಹುಕಾಲ 150 ಸಿ.ಸಿ.ಗಿಂತ ಕಡಿಮೆಯ ಗಾಡಿಗೆ ಪ್ರವೇಶವಿರಲಿಲ್ಲ. ಜಪಾನಿನ ಎಕ್ಸ್‌ಪ್ರೆಸ್‌ವೇಗಳಿಗೆ 125 ಸಿ.ಸಿ. ಮೀರಿದ ಗಾಡಿಯೇ ಆಗಬೇಕು. ಕಾರುಗಳು 130ರವರೆಗೆ ಹೋಗಬಹುದಾದ ಇಟಲಿಯ ಹೆದ್ದಾರಿಯಲ್ಲಿ 300 ಸಿ.ಸಿ. ಸ್ಕೂಟರಿಗೆ ಅರ್ಥವಿದೆ. ಭಾರತದಲ್ಲಿ 2018ರ ಕೇಂದ್ರ ಅಧಿಸೂಚನೆ ದ್ವಿಚಕ್ರಗಳಿಗೆ ಇಟ್ಟ ಮಿತಿ ನಡುವೆ ವಿಭಜಕವಿರುವ ಚತುಷ್ಪಥದಲ್ಲಿ 80, ಪಟ್ಟಣಗಳಲ್ಲೂ ಉಳಿದ ರಸ್ತೆಗಳಲ್ಲೂ 60. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರುಗಳು ಇಳಿಯುವಂತಿಲ್ಲ. ಅವುಗಳಿಗೆ ಸರ್ವಿಸ್ ರಸ್ತೆಯೇ ಗತಿ.

80 ಮತ್ತು 60 ಎಂಬ ಈ ಎರಡು ಮಿತಿಗಳನ್ನು ನಿರಾಳ ವೇಗಗಳ ಪಕ್ಕದಲ್ಲಿಟ್ಟರೆ ಆಯ್ಕೆ ತಾನಾಗಿ ಸ್ಪಷ್ಟವಾಗುತ್ತದೆ. ಊರೊಳಗೆ ಮತ್ತು 60ರ ರಸ್ತೆಗಳಲ್ಲಿ ತಿರುಗುವವರಿಗೆ 110 ಸಿ.ಸಿ. ಸಾಕು. ಹಿಂದೆ ಸದಾ ಒಬ್ಬರು ಕೂರುವುದಾದರೆ 125 ಒಳ್ಳೆಯದು. ಚತುಷ್ಪಥದಲ್ಲಿ ದಿನವೂ ಓಡಾಡುವವರಿಗೆ 150–160ರ ಗಾಡಿ ಕಾನೂನು ಬಿಡುವ 80ನ್ನು ಅರ್ಧ ಶಕ್ತಿಯಲ್ಲೇ ಕೊಡುತ್ತದೆ. ಅದಕ್ಕೂ ದೊಡ್ಡದನ್ನು ಕೊಂಡರೆ ಇಲ್ಲಿ ಸಿಗುವುದು ಘಾಟಿಯಲ್ಲಿನ ಹುಮ್ಮಸ್ಸು. ವೇಗದ ಲೆಕ್ಕದಲ್ಲಿ ಕಾನೂನಿನೊಳಗೆ ಒಂದು ಕಿ.ಮೀ. ಕೂಡ ಹೆಚ್ಚಿಗೆ ಸಿಗದು.